ಕಾಫಿ ಕಣದ ಬೂಟಜ್ಜಿ

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷ ಇದೆ. ದೋಣಿಗಲ್ ಸಮೀಪದ ಎಸ್ಟೇಟೊಂದರ ಕಾಫಿ ಕಣದಲ್ಲಿ ಹುಲಿಯಮ್ಮ ಪೊರಕೆ ಹಿಡಿದಿದ್ದಾರೆ. ನಾಲ್ಕು ಹೆಜ್ಜೆ ಗುಡಿಸುತ್ತಾರೆ, ನಿಲ್ಲುತ್ತಾರೆ, ಬಗ್ಗಿ ಏನನ್ನೋ ಹೆಕ್ಕಿ ಸೆರಗಿನ ತುದಿಗೆ ಹಾಕಿಕೊಳ್ಳುತ್ತಾರೆ. ಹತ್ತಿರ ಹೋಗಿ ನೋಡಿದರೆ ಕಾಫಿ ಬೀಜ. ಕೊಯ್ಲು ಮುಗಿದು ಎರಡು ತಿಂಗಳಾಗಿದೆ. ಇಲ್ಲಿ ಒಣಗಿದ ಕಾಫಿಯೆಲ್ಲ ಮೂಟೆಯಾಗಿ ಲಾರಿ ಹತ್ತಿಯಾಗಿದೆ. ಆದರೂ ಸಿಮೆಂಟಿನ ಬಿರುಕುಗಳಲ್ಲಿ ಅವಿತುಕೊಂಡ ಬೀಜಗಳು ದಿನಕ್ಕೊಂದು ಹಿಡಿಯಾದರೂ ಸಿಗುತ್ತವಂತೆ.

"ಒಂದ್ ಬೀಜ ಸಾಕು ಕಣ್ರೀ," ಎನ್ನುತ್ತಾರೆ ತಲೆ ಎತ್ತದೆ. "ಗಾಲಿ ಅಡೀಲಿ ಸಿಕ್ತು ಅಂದ್ರೆ ಮಗಾ ಮಕಾಡೆ ಬೀಳ್ತದೆ. ಬಿದ್ಮೇಲೆ ಅಯ್ಯೋ ಅನ್ನೋಕಿಂತ ಮೊದ್ಲೇ ಸೊಂಟ ಬಗ್ಸೋದು ವಾಸಿ."

ಏಳು ಗಂಟೆಗೆ ಈ ಕಣ ಸ್ಕೇಟಿಂಗ್ ಶಾಲೆಯಾಗುತ್ತದೆ. ಮಾರ್ಚ್ ನಡುವಿನಿಂದ ಮುಂಗಾರು ಹಿಡಿಯುವ ತನಕ, ಆಮೇಲೆ ಮಳೆ ಬಿಟ್ಟ ಅಕ್ಟೋಬರಿನಿಂದ ಹೊಸ ಕಾಫಿ ಹಣ್ಣು ಬಂದು ಕಣ ಕೇಳುವ ತನಕ, ಭಾನುವಾರ ಮತ್ತು ಬುಧವಾರ ನಲವತ್ತಮೂರು ಮಕ್ಕಳು ಇಲ್ಲಿಗೆ ಬರುತ್ತಾರೆ. ಎಸ್ಟೇಟ್ ಕೆಲಸಗಾರರ ಲೈನ್ ಮನೆಗಳ ಮಕ್ಕಳು ನಡೆದು, ಸಕಲೇಶಪುರದವರು ಆಟೋದಲ್ಲಿ, ಆಲೂರಿನವರು ಬೆಳಗಿನ ಮೊದಲ ಬಸ್ಸಿನಲ್ಲಿ. ಕಲಿಸುವವರು ನಯನಾ. ಆಲೂರಿನ ಶಾಲೆಯೊಂದರ ದೈಹಿಕ ಶಿಕ್ಷಕಿ, ಓದುವ ಕಾಲದಲ್ಲಿ ಮೈಸೂರಿನಲ್ಲಿ ಫಿಗರ್ ಸ್ಕೇಟಿಂಗ್ ಕಲಿತವರು. ಅವರ ಬಗ್ಗೆ ಪತ್ರಿಕೆಗಳಲ್ಲಿ ಆಗೊಮ್ಮೆ ಈಗೊಮ್ಮೆ ಬಂದಿದೆ. ಕಣ ಬಿಟ್ಟುಕೊಟ್ಟ ಎಸ್ಟೇಟಿನ ಮಾಲೀಕರ ಫೋಟೋ ಕೂಡ ಬಂದಿದೆ. ಹುಲಿಯಮ್ಮನದು ಎಲ್ಲೂ ಬಂದಿಲ್ಲ. ಬಂದ ಒಂದು ಗುಂಪು ಫೋಟೋದಲ್ಲೂ ಅವರ ಎಡಗೈ ಮಾತ್ರ ಕಾಣುತ್ತದೆ, ಯಾರದೋ ಬೂಟಿನ ಲೇಸು ಬಿಗಿಯುತ್ತಾ.

ಮಕ್ಕಳ ಬಾಯಲ್ಲಿ ಅವರು ಬೂಟಜ್ಜಿ. ಹೊಸದಾಗಿ ಬರುವ ಮಗುವಿನ ಕಾಲು ನೋಡಿ ಅದಕ್ಕೆ ಹೊಂದುವ ಸ್ಕೇಟ್ಸ್ ಆರಿಸಿ ತೊಡಿಸುವುದು ಅವರ ಕೆಲಸ. ಕೇಳಲು ಇಷ್ಟೇ. ಪತ್ರಿಕೆಗೆ ಬರೆಯಲೆಂದು ಬಂದ ನಾನೂ ಇಷ್ಟೇ ತಾನೆ ಅಂದುಕೊಂಡಿದ್ದೆ. ಬಂದ ಐದನೇ ನಿಮಿಷಕ್ಕೆ ನನ್ನ ಕಾಲಿನ ಕಡೆ ನೋಡಿ, "ನಿಮ್ಮ ಷೂ ಒಂದ್ ನಂಬರ್ ದೊಡ್ದು ಸಾರ್. ಹಿಮ್ಮಡಿ ಎತ್ತೆತ್ತಿ ಇಕ್ತಾ ಇದೀರ. ಮಂಡಿ ನೋವು ಐತಾ?" ಎಂದು ಕೇಳಿಬಿಟ್ಟರು. ಐತೆ. ಮೂರು ವರ್ಷದಿಂದ ಡಾಕ್ಟರಿಗೆ ತೋರಿಸುತ್ತಿದ್ದೇನೆ.

ಟಿವಿಯಲ್ಲಿ ಹಿಮದ ಮೇಲೆ ಜಾರುತ್ತಾ, ತಿರುಗುತ್ತಾ ಕುಣಿಯುವವರನ್ನು ನೀವು ನೋಡಿರುತ್ತೀರಿ. ಇಲ್ಲಿರುವುದು ಅದೇ ಆಟದ ಗಾಲಿ ರೂಪ. ಬೂಟಿನ ತಳಕ್ಕೆ ಬ್ಲೇಡಿನ ಬದಲು ಮುಂದೆರಡು ಹಿಂದೆರಡು ಗಾಲಿ, ತುದಿಯಲ್ಲೊಂದು ರಬ್ಬರ್ ಬಿರಡೆ. ಬೂಟು ಕಣಕಾಲಿನ ಮೇಲಕ್ಕೂ ಬರುತ್ತದೆ, ಹಿಮ್ಮಡಿ ಸ್ವಲ್ಪ ಎತ್ತರ. ಮಗು ನಿಲ್ಲುವುದು ಗಾಲಿಯ ಮೇಲೆ ಅಂತ ನಮಗೆ ಕಾಣುತ್ತದೆ. ನಿಜವಾಗಿ ನಿಲ್ಲುವುದು ಆ ಬೂಟಿನ ಒಳಗೆ. ಒಳಗೆ ಕಾಲು ಅಲುಗಿದರೆ ಗಾಲಿ ಒಂದು ಕಡೆ, ಮಗು ಇನ್ನೊಂದು ಕಡೆ.

ಏಳಕ್ಕೆ ಐದು ನಿಮಿಷವಿರುವಾಗ ಹೆಗ್ಗದ್ದೆಯಿಂದ ಪಿಕಪ್ ಒಂದು ಬಂದು ನಿಲ್ಲುತ್ತದೆ. ಇಳಿದವರು ಮೋಹನ್, ಮೂರೂವರೆ ಎಕರೆ ಕಾಫಿ ಇರುವ ಬೆಳೆಗಾರ. ಜೊತೆಗೆ ಎಂಟು ವರ್ಷದ ಮಗಳು ಚೈತ್ರಶ್ರೀ. ಮಗಳ ಸ್ಕೇಟ್ಸನ್ನು ಅಪ್ಪನೇ ಹೆಗಲಿಗೆ ಹಾಕಿಕೊಂಡಿದ್ದಾರೆ. ಹೊಚ್ಚ ಹೊಸದು, ಬೆಳ್ಳನೆಯ ಬೂಟು, ಗುಲಾಬಿ ಗಾಲಿ. ಮಗು ಮಾತ್ರ ಇಂಜೆಕ್ಷನ್‌ಗೆ ಹೊರಟಂತೆ ಹಿಂದೆ ಹಿಂದೆ ಬರುತ್ತಿದೆ.

ನಯನಾ ನನ್ನನ್ನು ಪಕ್ಕಕ್ಕೆ ಕರೆದು ವಿಷಯ ಹೇಳುತ್ತಾರೆ. ಒಂದು ತಿಂಗಳ ಹಿಂದೆ, ಹುಲಿಯಮ್ಮ ನೆಂಟರ ಮದುವೆಗೆಂದು ಊರಿಗೆ ಹೋಗಿದ್ದ ವಾರ, ಈ ಮಗು ಸೇರಿತು. ಸ್ವಂತ ಸ್ಕೇಟ್ಸ್ ಇದೆಯಲ್ಲ ಅಂತ ನಯನಾ ಹಾಗೆಯೇ ಕಣಕ್ಕೆ ಬಿಟ್ಟರು. ಹುಲಿಯಮ್ಮ ವಾಪಸ್ ಬಂದ ಮೇಲೂ ಬೂಟು ಕೇಳಲು ಅವಳು ಅವರ ಬಳಿಗೆ ಹೋಗಬೇಕಾಗಲಿಲ್ಲ. ಎಂಟು ತರಗತಿ ಆಯಿತು. ಜೊತೆಗೆ ಸೇರಿದವರು ಒಂದು ಸುತ್ತು ಹೋಗಿ ಬರುತ್ತಾರೆ, ಇವಳಿಗೆ ನಿಲ್ಲಲೂ ಆಗುತ್ತಿಲ್ಲ. ಮೊನ್ನೆ ಬುಧವಾರ ರಾತ್ರಿ ಮನೆಯಲ್ಲಿ, ನನಗೆ ಸ್ಕೇಟಿಂಗ್ ಬೇಡ, ಇಷ್ಟ ಇಲ್ಲ ಅಂದಳಂತೆ. ಈ ಭಾನುವಾರ ಒಂದು ಸಲ ನೋಡೋಣ, ಆಗದಿದ್ದರೆ ಬಿಟ್ಟುಬಿಡಿಸುತ್ತೇನೆ ಮೇಡಂ ಎಂದು ಮೋಹನ್ ಫೋನ್ ಮಾಡಿದ್ದರು.

"ಸೇರೋಕೆ ಮುಂಚೆ ಅವಳು ಆರು ತಿಂಗಳು ಅಪ್ಪನ್ನ ಕಾಡಿದ್ದಾಳೆ. ಮನೇಲಿ ಸಾಕ್ಸ್ ಹಾಕ್ಕೊಂಡು ಹಾಲ್ ತುಂಬಾ ಜಾರ್ತಿದ್ದಳಂತೆ. ಅಂಥವಳು ಇಷ್ಟ ಇಲ್ಲ ಅಂತಾಳೆ ಅಂದ್ರೆ ನಂಗೆ ನಂಬೋಕಾಗಲ್ಲ," ಎನ್ನುತ್ತಾರೆ ನಯನಾ. "ಬಿಟ್ಟು ಹೋದ್ರೆ ನನ್ನಿಂದ ಆಗಲಿಲ್ಲ ಅಂತ ತಲೇಲಿ ಇಟ್ಕೊಂಡೇ ಹೋಗ್ತಾಳೆ. ಅದಕ್ಕೇ ಅಜ್ಜಿ ಒಂದ್ಸಲ ನೋಡ್ಲಿ ಅಂತ."

ಅಜ್ಜಿ ದೂರದಿಂದ ಅಪ್ಪನ ಹೆಗಲ ಮೇಲಿನ ಬೂಟನ್ನೂ ಮಗುವಿನ ಹವಾಯಿ ಚಪ್ಪಲಿಯ ಕಾಲನ್ನೂ ಒಂದೊಂದು ಸಲ ನೋಡಿದ್ದಾರೆ, ಅಷ್ಟೇ.

ಹುಲಿಯಮ್ಮನಿಗೆ ಐವತ್ತೊಂಬತ್ತು. ಆಲೂರಿನ ಕಡೆಯ ಹಳ್ಳಿಯಿಂದ ಮದುವೆಯಾಗಿ ಈ ಎಸ್ಟೇಟಿನ ಲೈನಿಗೆ ಬಂದವರು. ಹದಿನೆಂಟು ವರ್ಷ ಹಣ್ಣು ಕೊಯ್ದರು, ಚಿಗುರು ತೆಗೆದರು. ಏಣಿಯಿಂದ ಬಿದ್ದು ಸೊಂಟ ಹಿಡಿದುಕೊಂಡ ಮೇಲೆ ಎಸ್ಟೇಟಿನ ಲೆಕ್ಕ ನೋಡುವ ರೈಟರ್ ಅವರನ್ನು ಸಾಮಾನಿನ ಸ್ಟೋರಿಗೆ ಹಾಕಿದರು. ಸ್ಟೋರಿನಲ್ಲಿ ಅವರ ಮುಖ್ಯ ಕೆಲಸ ಜೂನ್ ಬಂತೆಂದರೆ ಎಂಬತ್ತು ಜನಕ್ಕೆ ಗಂಬೂಟು ಹಂಚುವುದು. ಗಂಡನನ್ನು ಕಳೆದುಕೊಂಡ ವರ್ಷವೂ ಆ ಹಂಚಿಕೆ ತಪ್ಪಿಸಲಿಲ್ಲ. ಮಗಳು ಹಾಸನದ ಗಾರ್ಮೆಂಟ್ಸಿನಲ್ಲಿದ್ದಾಳೆ, ಮೊಮ್ಮಗಳು ಮಾನಸ ಅಜ್ಜಿಯ ಜೊತೆಗೇ ಬೆಳೆದವಳು.

"ಗಂಬೂಟಿಗೆ ಒಂದ್ ಲೆಕ್ಕ ಐತೆ," ಎಂದು ಅವರು ವಿವರಿಸುತ್ತಾರೆ. "ಎಂಟು ಅಂದೋನಿಗೆ ಒಂಬತ್ತು ಕೊಡ್ಬೇಕು. ಒಳಗೆ ಎರಡ್ ಕಾಲ್ಚೀಲ ಹಾಕ್ತಾರಲ್ಲ, ಒಂದ್ ಚಳಿಗೆ, ಒಂದ್ ಜಿಗಣೆಗೆ. ಕೆಸರಲ್ಲಿ ಹೂತ್ಕಂಡ್ರೆ ಕಾಲು ಸಲೀಸಾಗಿ ಈಚೆ ಬರ್ಬೇಕು. ಹದಿಮೂರು ವರ್ಷ ಹಂಗೇ ಕೊಟ್ಟೆ. ಒಬ್ರೂ ಸರಿಯಿಲ್ಲ ಅನ್ಲಿಲ್ಲ."

ಆರು ವರ್ಷದ ಹಿಂದೆ ನಯನಾ ಇಲ್ಲಿ ತರಗತಿ ಶುರುಮಾಡಿದಾಗ ಮುಚ್ಚಿಹೋದ ಕ್ಲಬ್ಬೊಂದರ ಇಪ್ಪತ್ತಾರು ಜೊತೆ ಹಳೆಯ ಸ್ಕೇಟ್ಸನ್ನು ಗೋಣಿಚೀಲದಲ್ಲಿ ತಂದಿದ್ದರು. ಅವನ್ನು ಇಡಲು ಸಿಕ್ಕ ಜಾಗ ಸ್ಟೋರು. ಸ್ಟೋರೆಂದ ಮೇಲೆ ಹಂಚುವವರು ಹುಲಿಯಮ್ಮ. ಅವರು ಗಂಬೂಟಿನ ಲೆಕ್ಕದಲ್ಲೇ ಹಂಚಿದರು. ಎಲ್ಲರಿಗೂ ಒಂದು ನಂಬರ್ ದೊಡ್ಡದು, ಒಳಗೆ ಎರಡು ಕಾಲುಚೀಲ. ಆಗ ಹತ್ತು ವರ್ಷದವಳಾಗಿದ್ದ ಮಾನಸಳಿಗೆ, ಮೊಮ್ಮಗಳಲ್ಲವೇ, ಎರಡು ನಂಬರ್ ದೊಡ್ಡದು. ಎರಡು ವರ್ಷ ಹಾಕಿಕೊಳ್ಳಲಿ ಅಂತ.

ಮೂರನೇ ವಾರ ಮಾನಸ ತಿರುವಿನಲ್ಲಿ ಬಿದ್ದಳು. ಬೂಟು ನೆಟ್ಟಗೇ ನಿಂತಿತ್ತು, ಒಳಗೆ ಕಣಕಾಲು ಮಡಚಿಕೊಂಡಿತ್ತು. ಆರು ವಾರ ಪ್ಲಾಸ್ಟರ್. ಕಾಲು ಸರಿಹೋಯಿತು, ಶಾಲೆಯ ತಂಡದಲ್ಲಿ ಖೋ ಖೋ ಕೂಡ ಆಡಿದಳು, ಈಗ ಹತ್ತನೇ ತರಗತಿ ಮುಗಿಸಿದ್ದಾಳೆ. ಗಾಲಿಯ ಬೂಟು ಮಾತ್ರ ಮತ್ತೆ ಮುಟ್ಟಲಿಲ್ಲ. ಈ ಕಥೆ ಹೇಳುವಾಗ ಹುಲಿಯಮ್ಮ ಕೈಯಲ್ಲಿದ್ದ ಬೂಟಿನ ಗಾಲಿಯನ್ನು ಸುಮ್ಮನೆ ತಿರುಗಿಸುತ್ತಿದ್ದರು.

"ಪ್ಲಾಸ್ಟರ್ ಹಾಕ್ಸ್ಕಂಡ್ ಮಲಗಿದ್ಲಲ್ಲ, ಅವಾಗ ಕೇಳ್ದೆ. ಬೂಟು ದೊಡ್ದಾಗೈತೆ ಅಂತ ಗೊತ್ತಿರ್ಲಿಲ್ವೇನೇ ಅಂತ. ಮೊದಲ್ನೇ ದಿನಾನೇ ಗೊತ್ತಿತ್ತಂತೆ. ಮತ್ತೆ ಯಾಕ್ ಹೇಳ್ಲಿಲ್ಲ ಅಂದ್ರೆ, 'ನೀನು ಆರಿಸ್ ಕೊಟ್ಟಿದ್ದಲ್ವಾ ಅಜ್ಜಿ' ಅಂದ್ಬುಟ್ಲು." ಬೂಟನ್ನು ಕೆಳಗಿಟ್ಟು ಸೇರಿಸುತ್ತಾರೆ, "ಬೈದಿದ್ರೆ ಇಷ್ಟು ಸಂಕಟ ಆಯ್ತಿರ್ಲಿಲ್ಲ ಸಾರ್."

ಆಮೇಲೆ ಹುಲಿಯಮ್ಮ ಕಲಿಯಲು ಕುಳಿತರು. ನಯನಾ ಗೊತ್ತಿದ್ದಷ್ಟು ಹೇಳಿಕೊಟ್ಟರು, ಉಳಿದದ್ದನ್ನು ಮಕ್ಕಳ ಕಾಲೇ ಹೇಳಿಕೊಟ್ಟಿತು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂದು ನಾವು ಕೊಂಕು ಆಡುತ್ತೇವಲ್ಲ, ಹುಲಿಯಮ್ಮ ಅಕ್ಷರಶಃ ಅದನ್ನೇ ಮಾಡಿದರು. ಪುಕ್ಕಟೆ ಬಂದ ಇಪ್ಪತ್ತಾರು ಜೊತೆಯನ್ನೂ ಹಿತ್ತಲಿಗೆ ಒಯ್ದು ಒಂದೊಂದರ ಒಳಗೂ ಕಡ್ಡಿ ಇಟ್ಟು ಅಳೆದರು. ಒಂದೇ ನಂಬರಿನ ಎರಡು ಬೂಟು ಒಳಗೆ ಒಂದೇ ಅಳತೆ ಇರುವುದಿಲ್ಲ ಎಂದು ಅವರಿಗೆ ಆಗ ತಿಳಿಯಿತು. ಕಣಕಾಲಿನ ಬಳಿ ಚರ್ಮ ಸೋತು ಮಡಿಕೆ ಬಿದ್ದಿದ್ದ ಐದು ಜೊತೆಯನ್ನು ಪಕ್ಕಕ್ಕಿಟ್ಟರು. ಅವು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತವೆ. ಆದರೆ ಮಗುವಿನ ಕಾಲು ವಾಲಿದರೆ ತಾವೂ ಜೊತೆಗೆ ವಾಲುತ್ತವೆ.

ಅವರ ಅಂಗಡಿಯಿಲ್ಲದ ಅಂಗಡಿಯ ಸಾಮಾನು ಇಷ್ಟು. ಒಂದು ಬಕೆಟ್ ನೀರು, ಒಂದು ಮುಷ್ಟಿ ಪೊರಕೆ ಕಡ್ಡಿ, ತೆಳ್ಳನೆಯ ಕಾಲುಚೀಲಗಳ ಒಂದು ಡಬ್ಬ, ಇದ್ದಿಲಿನ ತುಂಡು. ಮಗು ಬಕೆಟ್ಟಿನಲ್ಲಿ ಪಾದ ಅದ್ದಿ ಒಣಗಿದ ಸಿಮೆಂಟಿನ ಮೇಲೆ ನಿಲ್ಲಬೇಕು, ಎರಡೂ ಕಾಲಿನ ಮೇಲೆ ಭಾರ ಹಾಕಿ. ಪಕ್ಕಕ್ಕೆ ಸರಿದರೆ ಒದ್ದೆ ಹೆಜ್ಜೆ ಉಳಿಯುತ್ತದೆ. ಪಾದ ಅಗಲವೋ ಸಪೂರವೋ, ಒಳಬಾಗು ಎತ್ತರವೋ ಚಪ್ಪಟೆಯೋ, ಯಾವ ಕಾಲು ದೊಡ್ಡದು, ಎಲ್ಲ ಅದರಲ್ಲಿ ಕಾಣುತ್ತದೆ. ಏಪ್ರಿಲ್ ಬಿಸಿಲಿಗೆ ಅದು ಎರಡು ನಿಮಿಷದಲ್ಲಿ ಆರಿಹೋಗುವುದರಿಂದ ಅಷ್ಟರಲ್ಲಿ ಇದ್ದಿಲಿನಲ್ಲಿ ಗೀಟೆಳೆದು, ದೊಡ್ಡ ಕಾಲಿನ ಉದ್ದಕ್ಕೆ ಕಡ್ಡಿ ಮುರಿದುಕೊಳ್ಳುತ್ತಾರೆ. ಒಂದು ಮಗುವಿಗೆ ಹದಿನೈದರಿಂದ ಇಪ್ಪತ್ತು ನಿಮಿಷ. ಈ ಆರು ವರ್ಷದಲ್ಲಿ ನೂರ ಎಂಬತ್ತಕ್ಕೂ ಹೆಚ್ಚು ಮಕ್ಕಳು ಈ ಸಿಮೆಂಟಿನ ಮೇಲೆ ಹೆಜ್ಜೆ ಬಿಟ್ಟಿದ್ದಾರೆ. ಮಾನಸಳ ನಂತರ ಒಬ್ಬರ ಕಣಕಾಲೂ ಮುರಿದಿಲ್ಲ ಎಂದು ನಯನಾ ಹೇಳುತ್ತಾರೆ. ಹುಲಿಯಮ್ಮ ಹೇಳುವುದಿಲ್ಲ, ಹೇಳಿದರೆ ದೃಷ್ಟಿಯಾಗುತ್ತದಂತೆ.

ಇನ್ನೊಂದು ಕಟ್ಟುನಿಟ್ಟಿನ ಕಟ್ಟಳೆ ಇದೆ. ಬೂಟು ತೊಡಿಸುವಾಗ ಮಗುವಿನ ಕಡೆಯವರು ಯಾರೂ ಹತ್ತಿರ ಇರಬಾರದು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಶೆಡ್ಡಿನ ಕಟ್ಟೆಯ ಮೇಲೆ ಹೋಗಿ ಕೂರಬೇಕು. ತಹಶೀಲ್ದಾರರ ಹೆಂಡತಿಯಾದರೂ ಅಷ್ಟೇ, ಎಸ್ಟೇಟ್ ಮಾಲೀಕರಾದರೂ ಅಷ್ಟೇ.

"ದೊಡ್ಡೋರು ಪಕ್ಕದಲ್ಲಿದ್ರೆ ಮಕ್ಳು ನಿಜ ಹೇಳಲ್ಲ," ಎನ್ನುತ್ತಾರೆ. "ಸರಿಯಾಯ್ತಾ ಅಂದ್ರೆ ಅಮ್ಮನ್ ಮುಖ ನೋಡ್ತವೆ. ಅಮ್ಮನ್ ಮುಖ ಖುಷಿಯಾಗಿದ್ರೆ, ಹ್ಞೂ ಸರಿಯಾಯ್ತು."

ಮೋಹನ್ ಕಟ್ಟೆಗೆ ಹೋಗುವ ಮುನ್ನ ಬೂಟನ್ನು ಹುಲಿಯಮ್ಮನ ಮುಂದೆ ಇಡುತ್ತಾರೆ. ಇಡುವ ರೀತಿಯಲ್ಲೇ ಅವರಿಗೆ ಅದರ ಮೇಲಿರುವ ಅಕ್ಕರೆ ಗೊತ್ತಾಗುತ್ತದೆ.

"ಹುಟ್ಟಿದ ಹಬ್ಬಕ್ಕೆ ಅಂತ ಮಂಗಳೂರಿಂದ ತಂದಿದ್ದು ಹುಲಿಯಮ್ಮ. ಇವ್ಳಿಗೆ ಗೊತ್ತಾಗ್ಬಾರ್ದು ಅಂತ ಮಲಗಿದ್ದಾಗ ಪೊರಕೆ ಕಡ್ಡೀಲಿ ಕಾಲಿನ ಅಳತೆ ತಗೊಂಡ್ ಹೋಗಿದ್ದೆ," ಎನ್ನುತ್ತಾರೆ ಸ್ವಲ್ಪ ನಾಚಿಕೊಂಡು. "ಬೆಳೆಯೋ ಕಾಲು ಅಂತ ಎರಡು ಬೆಟ್ಟು ಜಾಸ್ತಿ ಇಟ್ಕೊಂಡಿದ್ದೆ. ಬೂಟೇನೋ ಚೆನ್ನಾಗೈತೆ. ಇವ್ಳಿಗೇ ಧೈರ್ಯ ಸಾಲ್ದು."

ನಮ್ಮ ಕಡೆ ಮಕ್ಕಳಿಗೆ ಚಪ್ಪಲಿ ತರುವುದು ಹೀಗೆಯೇ. ಸಂತೆಗೆ ಹೋಗುವ ಅಪ್ಪನ ಜೇಬಿನಲ್ಲಿ ಪೊರಕೆ ಕಡ್ಡಿ, ಮೂರು ಮಕ್ಕಳಿದ್ದರೆ ಮೂರು ಕಡ್ಡಿ. ಕಡ್ಡಿಗೆ ಒಂದೆರಡು ಬೆಟ್ಟು, ಅಂದರೆ ಒಂದೆರಡು ಬೆರಳಗಲ, ಸೇರಿಸದ ಅಪ್ಪ ಈ ಬೆಟ್ಟಸಾಲಿನಲ್ಲೇ ಹುಟ್ಟಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಜಗತ್ತಿಗೆಲ್ಲ ಬುದ್ಧಿ ಹೇಳುವ ನಾವು, ಚಪ್ಪಲಿಯ ವಿಷಯ ಬಂದಾಗ ಮಾತ್ರ ಕಾಲಿಗೇ ಬೆಳೆಯಲು ಹೇಳುತ್ತೇವೆ. ನಾನು ಏಳನೇ ತರಗತಿಯ ತನಕ ಒಮ್ಮೆಯೂ ನನ್ನ ಅಳತೆಯ ಚಪ್ಪಲಿ ಹಾಕಿದವನಲ್ಲ. ಅದು ಸರಿಹೋಗುವ ಹೊತ್ತಿಗೆ ಸವೆದಿರುತ್ತಿತ್ತು. ಆದರೆ ಮಲಗಿದ ಮಗಳ ಕಾಲ ಬಳಿ ಕಡ್ಡಿ ಹಿಡಿದು ಕೂತ ಅಪ್ಪನನ್ನು ಏನೆಂದು ಬೈಯುವುದು? ಹುಲಿಯಮ್ಮ ಬೈಯಲಿಲ್ಲ. "ಆಯ್ತು ಕಣಪ್ಪಾ, ನೀನ್ ಹೋಗಿ ಕಟ್ಟೆ ಮ್ಯಾಲೆ ಕೂತ್ಕೊ," ಎಂದರು. ನಾನು ಏಳಲು ಹೋದರೆ, "ನೀವ್ ಕೂತ್ಕಳಿ, ನೀವ್ ಲೆಕ್ಕಕ್ಕಿಲ್ಲ," ಎಂದರು.

ಮೊದಲು ಆ ಬೂಟನ್ನೇ ಹಾಕಿಸಿ ನೋಡುತ್ತಾರೆ. ಚೈತ್ರಶ್ರೀ ಚೀಲದಿಂದ ಎರಡು ಜೊತೆ ಉಣ್ಣೆಯ ಕಾಲುಚೀಲ ತೆಗೆಯುತ್ತಾಳೆ. ಬೂಟಿನ ತುದಿಯಲ್ಲಿ ಹತ್ತಿಯ ಉಂಡೆ ತುರುಕಿರುವುದು ಕೈ ಹಾಕಿದ ಕೂಡಲೇ ಹುಲಿಯಮ್ಮನಿಗೆ ಸಿಗುತ್ತದೆ.

"ಇದು ಯಾರ್ ಇಟ್ಟಿದ್ದು ಪುಟ್ಟಿ?"

"ನಾನೇ," ಎಂದು ಮಗು ಮೆಲ್ಲಗೆ ಹೇಳುತ್ತದೆ. ದಿಂಬಿನ ಹತ್ತಿ. ಯಾರಿಗೂ ಹೇಳಿಲ್ಲ.

ಕಾಲುಚೀಲ ಬಿಚ್ಚಿದರೆ ಎರಡೂ ಹಿಮ್ಮಡಿಯಲ್ಲಿ ನೀರುಗುಳ್ಳೆ ಎದ್ದು ಒಡೆದಿರುವ ಗುರುತು. ಹುಲಿಯಮ್ಮ ಪಾದವನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಕೊಬ್ಬರಿ ಎಣ್ಣೆ ಸವರುತ್ತಾರೆ. ಆಮೇಲೆ ನೀರಿಗೆ ಅದ್ದಿಸಿ, ಸಿಮೆಂಟಿನ ಮೇಲೆ ನಿಲ್ಲಿಸಿ, ಹೆಜ್ಜೆ ನೋಡಿ ಕಡ್ಡಿ ಮುರಿಯುತ್ತಾರೆ. ಆ ಕಡ್ಡಿಯನ್ನು ಹೊಸ ಬೂಟಿನ ಒಳಗಿನ ಅಟ್ಟೆಯ ಮೇಲಿಟ್ಟರೆ ಇನ್ನೂ ಎರಡು ಬೆರಳು ಜಾಗ ಉಳಿಯುತ್ತದೆ. ಕಲಿಯುವ ಮಗುವಿಗೆ ಕಿರುಬೆರಳಿನ ಉಗುರಿನಷ್ಟು ಉಳಿದರೆ ಸಾಕು, ಅದಕ್ಕಿಂತ ಹೆಚ್ಚಾದರೆ ಬೂಟು ಮಗುವನ್ನು ಆಳುತ್ತದೆ ಅನ್ನುವುದು ಅವರ ಲೆಕ್ಕ.

"ಇದ್ ಹಾಕ್ಕಂಡ್ರೆ ಏನಾಯ್ತದೆ ಹೇಳು," ಎಂದು ಕೇಳುತ್ತಾರೆ. ಮಗು ಕಟ್ಟೆಯ ಕಡೆ ನೋಡುತ್ತದೆ. "ಅಪ್ಪಂಗೆ ಕೇಳ್ಸಲ್ಲ. ನಂಗ್ ಮಾತ್ರ ಹೇಳು."

"ಕಾಲು ಒಳಗೇ ಓಡಾಡ್ತದೆ."

"ಮತ್ತೆ ಅಪ್ಪಂಗೆ ಯಾಕ್ ಹೇಳ್ಲಿಲ್ಲ?"

ಮಗು ಹತ್ತಿಯ ಉಂಡೆಯನ್ನು ಬೆರಳಲ್ಲಿ ಹಿಂಜುತ್ತದೆ. ಕೆಳಗಿನ ಘಾಟಿ ರಸ್ತೆಯಲ್ಲಿ ಒಂದು ಟ್ಯಾಂಕರ್ ಗೇರ್ ಬದಲಿಸಿ ಹತ್ತಿ ಹೋಗುತ್ತದೆ. "ಅಪ್ಪ ಬೆಳಿಗ್ಗೆ ಬೆಳಿಗ್ಗೆ ಅದನ್ನ ಬಟ್ಟೇಲಿ ಒರೆಸ್ತಾನೆ," ಎನ್ನುತ್ತಾಳೆ ಚೈತ್ರಶ್ರೀ. "ಸ್ಕೇಟಿಂಗ್ ಬೇಡ ಅಂದ್ರೆ ಆಯ್ತಲ್ಲ ಅಂತ."

ಹುಲಿಯಮ್ಮ ನನ್ನ ಕಡೆ ನೋಡುವುದಿಲ್ಲ. ಎದ್ದು ಸ್ಟೋರಿಗೆ ಹೋಗಿ ಬರುತ್ತಾರೆ. ಕೈಯಲ್ಲಿ ಮೂರು ಜೊತೆ, ಮೂರೂ ಹಳೆಯವು, ಮೂರರ ಮೇಲೂ ಮೂವತ್ತೊಂದು ಅಂತಲೇ ಇದೆ. ಮೊದಲನೆಯದು ಅಗಲವಾಯಿತು. ಎರಡನೆಯದಕ್ಕೆ ಕಾಲು ಹೋಯಿತು, ಆದರೆ ಬೆರಳುಗಳು ಮಡಚಿಕೊಂಡವು. ಮೂರನೆಯದು ಕಂದುಬಣ್ಣಕ್ಕೆ ತಿರುಗಿದ ಬಿಳಿ ಬೂಟು, ಮೂತಿಯಲ್ಲಿ ಉಜ್ಜಿದ ಗಾಯಗಳು. ಒಂದೇ ತೆಳ್ಳನೆಯ ಕಾಲುಚೀಲ ಹಾಕಿ ಕಾಲು ತೂರಿಸುತ್ತಾರೆ. ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿಸಿ ಹಿಂದಕ್ಕೆ ಕೂರಿಸುತ್ತಾರೆ. ಲೇಸನ್ನು ಬೆರಳುಗಳ ಕಡೆ ಸಡಿಲ, ಕಣಕಾಲಿನ ಬಳಿ ಬಿಗಿ, ಮೇಲಿನ ಕೊಕ್ಕೆಗಳಲ್ಲಿ ಮತ್ತೆ ಸ್ವಲ್ಪ ಸಡಿಲ. ಎಲ್ಲ ಕಡೆ ಒಂದೇ ಸಮ ಎಳೆದು ಕಟ್ಟಿದರೆ ಮಂಡಿ ಬಗ್ಗುವುದಿಲ್ಲವಂತೆ.

"ನೆಟ್ಟಗೆ ನಿಂತ್ಕೊ. ಬೆಟ್ಟು ಮುಂದೆ ಮುಟ್ತಾ ಐತಾ?"

"ಮುಟ್ತೈತೆ. ಚೂರೇ ಚೂರು."

"ಈಗ ಮಂಡಿ ಬಗ್ಸು."

"ಬಿಡ್ತು," ಎನ್ನುತ್ತದೆ ಮಗು ಆಶ್ಚರ್ಯದಿಂದ.

ನಿಂತಾಗ ತುದಿಯನ್ನು ಸೋಕಬೇಕು, ಬಗ್ಗಿದಾಗ ಬಿಡಬೇಕು. ಹಿಮ್ಮಡಿ ಮಾತ್ರ ಎರಡೂ ಹೊತ್ತಿಗೂ ಕದಲಬಾರದು. ಬೂಟು ಹೊಂದುವುದು ಎಂದರೆ ಇದು. ಹುಲಿಯಮ್ಮ ಬೂಟಿನ ಹಿಂಭಾಗವನ್ನು ಹಿಡಿದು ಹಿಮ್ಮಡಿ ಎತ್ತಲು ಹೇಳುತ್ತಾರೆ. ಎತ್ತಲು ಆಗುವುದಿಲ್ಲ. ಅವರ ಮುಖದಲ್ಲಿ ಅಷ್ಟು ಹೊತ್ತಿನ ಬಿಗಿ ಆಗ ಸಡಿಲವಾಗುತ್ತದೆ.

ನಯನಾ ಬಂದು ಎರಡು ಕೈ ಹಿಡಿದು ಮಗುವನ್ನು ಕಣಕ್ಕಿಳಿಸುತ್ತಾರೆ. ಹತ್ತು ಅಡಿ ಹೋದ ಮೇಲೆ ಒಂದು ಕೈ ಬಿಡುತ್ತಾರೆ, ಆಮೇಲೆ ಇನ್ನೊಂದು. ಕಣದ ನಡುವೆ ಚೈತ್ರಶ್ರೀ ಒಬ್ಬಳೇ ನಿಂತಿದ್ದಾಳೆ, ಕೈ ಚಾಚಿ, ಮಂಡಿ ಬಗ್ಗಿಸಿ. ಪಲ್ಪರ್ ಶೆಡ್ಡಿನ ಕಟ್ಟೆಯಿಂದ ಮೋಹನ್ ಎದ್ದು ನಿಂತಿದ್ದಾರೆ. ನಾನೂ ಎದ್ದು ನಿಂತಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ. ಅವಳು ಬಲಗಾಲು ತಳ್ಳಿದಳು. ಎಡಗಾಲು ತಳ್ಳಿದಳು. ಕಣದ ಮೂಲೆಯಲ್ಲಿ ಬಿದ್ದಳು, ನಯನಾ ಹೇಳಿಕೊಟ್ಟಂತೆ ಪಕ್ಕಕ್ಕೆ ಕುಸಿದು. ಯಾರೂ ಎತ್ತಲು ಹೋಗುವ ಮುಂಚೆ ಮಂಡಿಯೂರಿ ತಾನೇ ಎದ್ದಳು. ಎದ್ದವಳು ನಿಲ್ಲಲಿಲ್ಲ, ಸುತ್ತು ಮುಗಿಸಿದಳು. ಇನ್ನೊಂದು ಸುತ್ತಿಗೆ ಯಾರನ್ನೂ ಕೇಳದೆ ಹೊರಟಳು.

ಆ ಎರಡನೇ ಸುತ್ತಿನ ನಡುವೆ ನಾನು ಹುಲಿಯಮ್ಮನನ್ನು ಕೇಳಬೇಕಾದ ಪ್ರಶ್ನೆ ಕೇಳುತ್ತೇನೆ. ಎಲ್ಲ ಲೇಖನಗಳ ಕೊನೆಗೂ ಕೇಳುವ ಪ್ರಶ್ನೆ, ನಿಮ್ಮ ಆಸೆ ಏನು ಅಂತ. ಅವರು ಮಗುವಿನ ಮೇಲಿನ ಕಣ್ಣು ತೆಗೆಯದೆ, "ಇಪ್ಪತ್ತೆಂಟು, ಇಪ್ಪತ್ತೊಂಬತ್ತರಲ್ಲಿ ಸಪೂರ ಕಾಲಿಗೆ ಆಗೋವು ಎರಡ್ ಜೊತೆ ಬೇಕು," ಎನ್ನುತ್ತಾರೆ. "ವರ್ಷಕ್ಕೆ ಮೂರೋ ನಾಲ್ಕೋ ಮಕ್ಳು ಹಂಗಿರೋವು ಬತ್ತವೆ. ನಿನ್ನ ಕಾಲಿಗೆ ಬೂಟಿಲ್ಲ, ಮುಂದಿನ್ ವರ್ಷ ಬಾ ಅಂತ ಕಳ್ಸ್ಬೇಕು. ಮಗಾ ಬೂಟಿಲ್ಲ ಅಂತ ತಿಳ್ಕಳಲ್ಲ ಸಾರ್, ತನ್ ಕಾಲೇ ಸರಿಯಿಲ್ಲ ಅಂದ್ಕಂಡ್ ಹೋಗ್ತದೆ."

ಅಷ್ಟರಲ್ಲಿ ಮೋಹನ್ ಕಟ್ಟೆಯಿಂದ ಇಳಿದು ಕಣದೊಳಗೆ ಬಂದಿದ್ದಾರೆ. ಚೈತ್ರಶ್ರೀ ನೇರ ಅಪ್ಪನ ಕಡೆಗೇ ಬಂದು, ನಿಲ್ಲಿಸಲು ಇನ್ನೂ ಬಾರದ್ದರಿಂದ ಅವರ ಅಂಗಿ ಹಿಡಿದು ನಿಲ್ಲುತ್ತಾಳೆ. ಏದುಸಿರು, ನಗು, ಮಂಡಿಯ ಮೇಲೆ ಸಿಮೆಂಟಿನ ಧೂಳು.

"ಹೆಂಗೈತೆ ಮಗ್ಳೇ?" ಎಂದು ಮೋಹನ್ ಕೇಳುತ್ತಾರೆ.

ಅವಳ ನಗು ನಿಲ್ಲುತ್ತದೆ. ಒಮ್ಮೆ ಹುಲಿಯಮ್ಮನ ಕಡೆ ನೋಡುತ್ತಾಳೆ. ಹುಲಿಯಮ್ಮ ಬಕೆಟ್ಟಿನ ಕಡೆ ನೋಡುತ್ತಿದ್ದಾರೆ, ಬೇಕೆಂದೇ.

"ಅಪ್ಪಾ, ನೀನ್ ತಂದಿದ್ದು ದೊಡ್ಡದಾಗ್ತದೆ," ಎನ್ನುತ್ತಾಳೆ ಚೈತ್ರಶ್ರೀ. "ಕಾಲು ನೋಯ್ತಿತ್ತು. ದಿನಾ ನೋಯ್ತಿತ್ತು."

"ಮತ್ತೆ ಹೇಳೋದಲ್ವೇನೇ."

"ನಿಂಗೆ ಬೇಜಾರಾಗ್ತದೆ ಅಂತ."

ಮೋಹನ್ ಅಲ್ಲೇ ಸಿಮೆಂಟಿನ ಮೇಲೆ ಕುಕ್ಕರುಗಾಲಿನಲ್ಲಿ ಕೂರುತ್ತಾರೆ. ಮಗಳ ಹಿಮ್ಮಡಿ ಇರುವ ಜಾಗವನ್ನು ಬೂಟಿನ ಮೇಲಿಂದಲೇ ಸವರುತ್ತಾರೆ. "ನಿನ್ ಕಾಲ್ ನೋಯ್ಸಿ ನಂಗೆಂಥ ಖುಷಿ ಮಾರಾಯ್ತಿ," ಎನ್ನುತ್ತಾರೆ. ಮಗಳು ಅಪ್ಪನ ತಲೆಯ ಮೇಲೆ ಕೈಯೂರಿಕೊಂಡು ಗಾಲಿಯ ಮೇಲೆ ಅತ್ತಿತ್ತ ಆಡುತ್ತಿದ್ದಾಳೆ. ಹೇಳಿಯಾಯಿತು, ಅವಳ ಮಟ್ಟಿಗೆ ಅದು ಮುಗಿಯಿತು. ಮೂರನೇ ಸುತ್ತಿಗೆ ಹೊರಟಳು.

ಮೋಹನ್ ಎದ್ದು ಹೊಸ ಬೂಟನ್ನು ಹುಲಿಯಮ್ಮನ ಕೈಗೆ ಕೊಡುತ್ತಾರೆ. "ಇವ್ಳ ಕಾಲು ಬೆಳೆಯೋವರ್ಗೂ ಇಲ್ಲೇ ಇರ್ಲಿ. ಯಾರಿಗಾದ್ರೂ ಸರಿಯಾದ್ರೆ ಹಾಕ್ಸಿ. ಅಳ್ದು ಹಾಕ್ಸಿ," ಎನ್ನುತ್ತಾರೆ.

"ನೀನ್ ಹೇಳ್ಬೇಕೇನಪ್ಪಾ," ಎಂದು ಹುಲಿಯಮ್ಮ ನಗುತ್ತಾರೆ. ಅವತ್ತು ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹೊರಡುವ ಮುನ್ನ ನಾನು ಅವರಿಗೆ, ಒಂದು ಮಗು ಆಟ ಬಿಡದಂತೆ ಉಳಿಸಿದಿರಿ, ಒಳ್ಳೆ ಬೂಟು ಆರಿಸಿದಿರಿ ಎಂದು ಏನೋ ಹೊಗಳಿಕೆಯ ಮಾತಾಡುತ್ತೇನೆ. ಅವರು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಕೇಳಿಸಿಕೊಳ್ಳುತ್ತಾರೆ.

"ಬೂಟು ನಾನಲ್ದಿದ್ರೆ ಮೇಡಮ್ಮು ಹಾಕೋರು," ಎನ್ನುತ್ತಾರೆ. "ನನ್ ಮಾನಸ ನಂಗೆ ಹೇಳ್ಲಿಲ್ಲ. ಈ ಮಗಾ ಅದ್ರ ಅಪ್ಪಂಗೆ ಹೇಳ್ತು, ಈ ಕಣದಲ್ಲಿ, ನನ್ ಕಣ್ಣೆದುರಿಗೆ. ಪೇಪರಲ್ಲಿ ಬರೆಯೋದಿದ್ರೆ ಅದನ್ನ ಬರೀರಿ."